ಬಾವೊ ಲೊಕ್‌ನಲ್ಲಿ ಕೂತು ನಾನು ಎಳೆಸಿದ ಸುಣ್ಣದ ಗೆರೆ

ಊರು ಬಿಟ್ಟಿದ್ದು

ಏಳನೇ ಕ್ಲಾಸಿಗೆ ಪಾಟಿಚೀಲ ಮೂಲೆಗೆಸೆದವನು ನಾನು. ಆಮೇಲೆ ನಲವತ್ತು ವರ್ಷ ರೇಷ್ಮೆ ಹುಳ ಸಾಕಿದ್ದೇನೆ. ಜೀವನದಲ್ಲಿ ಒಂದೇ ಸಲ ಹೊರದೇಶಕ್ಕೆ ವಿಮಾನ ಹತ್ತಿದ್ದು, ಅದೂ ಹುಳದ ದುಡಿಮೆಯಲ್ಲೇ. ಜಂಬಕ್ಕೆ ಹೇಳುತ್ತಿದ್ದೀಯ ಎಂದರೆ ಹೌದು, ಜಂಬಕ್ಕೇ. ಆದರೆ ಈ ಪ್ರವಾಸದಲ್ಲಿ ಜಂಬಪಡುವಂಥದ್ದು ಇದೊಂದೇ. ಉಳಿದದ್ದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

೨೦೨೦ರ ಮಾರ್ಚ್ ಎರಡನೇ ವಾರ. ಚನ್ನಪಟ್ಟಣದಲ್ಲಿ ನಮಗೆ ಹುಳದ ತಟ್ಟೆ, ಔಷಧಿ ಮಾರುವ ಅಂಗಡಿಯವರು ವಿಯೆಟ್ನಾಂನಲ್ಲಿ ಹುಳ ಸಾಕುವುದನ್ನು ನೋಡಿ ಬರೋಣ ಎಂದು ಗುಂಪು ಕಟ್ಟಿದ್ದರು. ಹೊರಡುವ ಹೊತ್ತಿಗೆ ಹೊಸ ರೋಗದ ಸುದ್ದಿ ಹಬ್ಬಿ, ಒಬ್ಬೊಬ್ಬರೇ ನೆಪ ಹೇಳಿ ಜಾರಿಕೊಂಡರು. ಉಳಿದದ್ದು ನಾನು ಮತ್ತು ಕುದೂರಿನ ನಂಜುಂಡ. ನಮ್ಮ ಟಿವಿಗಳು ಆಗ, ಈ ರೋಗ ಬಿಸಿಲಿಗೆ ನಿಲ್ಲುವುದಿಲ್ಲ, ಮೆಣಸು ಅರಿಶಿನ ತಿನ್ನುವವರ ಹತ್ತಿರ ಸುಳಿಯುವುದಿಲ್ಲ ಎಂದು ಹೇಳುತ್ತಿದ್ದವು. ನಂಬಿದೆವು. ಜಯಮ್ಮ, ನನ್ನ ಹೆಂಡತಿ, ಸಾರಿನ ಪುಡಿಯ ಡಬ್ಬವನ್ನೇ ಬ್ಯಾಗಿಗೆ ತುರುಕಿದಳು.

ಹುಳದ ಮನೆಯನ್ನು ಅವಳಿಗೂ ನನ್ನ ತಮ್ಮ ಪುಟ್ಟರಾಜುವಿಗೂ ಒಪ್ಪಿಸಿದೆ. ತಮ್ಮನ ಮನೆ ನಮ್ಮಿಂದ ಮೂರು ಹೊಲ ಆಚೆ, ಅವನೂ ಹುಳ ಸಾಕುತ್ತಾನೆ. ಬೈರಾಪಟ್ಟಣದ ಮಗ್ಗುಲಲ್ಲಿರುವ ನಮ್ಮ ಊರಲ್ಲಿ ಹುಳ ಸಾಕುವ ಮನೆಗಳು ಹದಿನಾರು. ಅಲ್ಲಿ ನಾನೇ ಹಟ ಹಿಡಿದು ತಂದ ಒಂದು ಕಟ್ಟಳೆ ಇದೆ. ಯಾರ ಹುಳಕ್ಕಾದರೂ ರೋಗ ಬಿದ್ದರೆ ಮುಚ್ಚಿಡುವ ಹಾಗಿಲ್ಲ. ಹೊಸ್ತಿಲಾಚೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಯಬೇಕು, ಉಳಿದ ಹದಿನೈದು ಮನೆಗೂ ಹೇಳಿ ಕಳಿಸಬೇಕು. ಗೆರೆ ಕಂಡವರು ಒಳಗೆ ಕಾಲಿಡುವುದಿಲ್ಲ, ಅಣಕಿಸುವುದೂ ಇಲ್ಲ. ಮುಂದಿನ ಬೆಳೆಗೆ ಸೊಪ್ಪು ಕಡಿಮೆ ಬಿದ್ದರೆ ಕೊಡುತ್ತಾರೆ. ಹಾಲುತೊಂಡೆ ಬಿದ್ದ ಹುಳ ಊದಿಕೊಂಡು, ಒಡೆದು, ಹಾಲಿನಂಥ ನೀರು ಸುರಿಸುತ್ತಾ ತಟ್ಟೆಯಿಂದ ತಟ್ಟೆಗೆ ರೋಗ ಹರಡುವುದನ್ನು ಒಮ್ಮೆ ನೋಡಿದವನಿಗೆ ಈ ಕಟ್ಟಳೆಯ ಬೆಲೆ ತಿಳಿಯುತ್ತದೆ. ಇದನ್ನು ಯಾವ ಇಲಾಖೆಯೂ ನಮಗೆ ಕಲಿಸಲಿಲ್ಲ.

ಬಾವೊ ಲೊಕ್

ವಿಮಾನ ಇಳಿದ ದೊಡ್ಡ ಊರಿಂದ ಬಸ್ಸಿನಲ್ಲಿ ಅರ್ಧ ದಿನ ಘಾಟಿ ಹತ್ತಿದರೆ ಬಾವೊ ಲೊಕ್. ಸುತ್ತ ಟೀ ತೋಟ, ಕಾಫಿ, ಅದರ ನಡುವೆ ನಮ್ಮದೇ ಹಿಪ್ಪುನೇರಳೆ. ಹೊರದೇಶದಲ್ಲಿ ಗುರುತಿನ ಗಿಡ ಕಂಡರೆ ಗುರುತಿನ ಮುಖ ಕಂಡಷ್ಟೇ ಸಮಾಧಾನ. ಬಸ್ಸಿನಲ್ಲಿ ಎಲ್ಲರ ಮುಖಕ್ಕೂ ಬಟ್ಟೆ. ನನ್ನ ಹತ್ತಿರ ಇಲ್ಲದ್ದರಿಂದ ಟವಲ್ಲನ್ನು ಮೂಗಿಗೆ ಸುತ್ತಿಕೊಂಡೆ. ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿ, ತನ್ನ ಚೀಲದಿಂದ ಹೂವಿನ ಚಿತ್ತಾರದ ಮಾಸ್ಕೊಂದನ್ನು ತೆಗೆದು ಕೈಗಿಟ್ಟಳು. ನಾನು ಅದನ್ನೇ ಮೂರು ತಿಂಗಳು ಒಗೆದೊಗೆದು ಹಾಕಿಕೊಂಡೆ.

ನಾವು ಉಳಿದದ್ದು ಲಾನಮ್ಮನ ಮನೆಯಲ್ಲಿ. ಹೆಸರು ಲಾನ್, ‘ಅಮ್ಮ’ ನಾವು ಸೇರಿಸಿದ್ದು. ನನ್ನದೇ ವಯಸ್ಸಿನ ವಿಧವೆ. ಒಬ್ಬಳೇ ನಿಂತು ಹುಳ ಸಾಕುತ್ತಾಳೆ. ಮಾತೆಲ್ಲ ಫೋನಿನ ಅನುವಾದದಲ್ಲಿ. ನಾನು ಹಿಂದಿ ಬೆರೆಸಿ ಒದರಿದ್ದನ್ನು ಅದು ಏನೆಂದು ಹೇಳುತ್ತಿತ್ತೋ, ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಅವಳ ಹುಳದ ಮನೆಗೆ ಹೋದ ಮೊದಲ ದಿನ ಬಾಗಿಲಲ್ಲಿ ಸುಣ್ಣದ ನೀರಿನ ತೊಟ್ಟಿ, ಪಕ್ಕದಲ್ಲಿ ಬೇರೆ ಚಪ್ಪಲಿ ಕಂಡವು. ಅವಳು ಹೇಳುವ ಮುಂಚೆಯೇ ನಾನು ಕಾಲದ್ದಿ ಚಪ್ಪಲಿ ಬದಲಿಸಿದೆ. ಅವಳು ಸುಮ್ಮನೆ ತಲೆಯಾಡಿಸಿದಳು. ನಮ್ಮಿಬ್ಬರಿಗೂ ಅನುವಾದ ಬೇಕಾಗದಿದ್ದದ್ದು ಆಗ ಮಾತ್ರ.

ಮಧ್ಯಾಹ್ನ ಊಟಕ್ಕೆ ಈರುಳ್ಳಿ ಹಾಕಿ ಹುರಿದ ಏನೋ ತಂದಿಟ್ಟಳು. ನಾನು ಎರಡು ಸಲ ಬಡಿಸಿಕೊಂಡೆ. ನಂಜುಂಡ ಒಂದನ್ನು ಬೆಳಕಿಗೆ ಹಿಡಿದು ನೋಡಿ, ‘ಲೇ ಬೋರ, ನೀನು ತಿಂತಿರದು ಗೂಡಿನೊಳಗಿನ ಹುಳ ಕಣ್ಲಾ’ ಎಂದ. ರಾಮನಗರದ ನೂಲು ತೆಗೆಯುವ ಬೀದಿಗಳಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತೇವಲ್ಲ, ಅದೇ ಹುಳ. ಜೀವನವಿಡೀ ಅನ್ನ ಹಾಕಿದ್ದನ್ನೇ ತಿಂದುಬಿಟ್ಟೆನಲ್ಲ ಎಂದು ಎದ್ದು ಹೋಗಿ ಬಾಯಿ ತೊಳೆದೆ. ರುಚಿಯಾಗಿತ್ತು ಎನ್ನುವುದನ್ನು ಊರಲ್ಲಿ ಈವರೆಗೆ ಯಾರಿಗೂ ಹೇಳಿಲ್ಲ.

ಹನ್ನೆರಡು ದಿನಕ್ಕೆಂದು ಬಂದವರು. ಹತ್ತನೇ ದಿನದ ಹೊತ್ತಿಗೆ ವಿಮಾನ ನಿಂತವು. ಎರಡೂ ಕಡೆ ಬಾಗಿಲು ಹಾಕಿದರು.

ಕಂಬದ ಮೇಲಿನ ದನಿ

ಲಾನಮ್ಮನ ಬೀದಿಯಲ್ಲಿ ಲೈಟು ಕಂಬಕ್ಕೆ ಎರಡು ಧ್ವನಿವರ್ಧಕ ಕಟ್ಟಿದ್ದಾರೆ. ಬೆಳಗ್ಗೆ ಕೋಳಿ ಕೂಗುವುದಕ್ಕೂ ಅದು ಕೂಗುವುದಕ್ಕೂ ಪೈಪೋಟಿ. ನಮ್ಮಲ್ಲಿ ಮೈಕು ಎಂದರೆ ಓಟು, ಇಲ್ಲವೇ ಹಬ್ಬ. ಇಲ್ಲಿ ಅದು ಸರ್ಕಾರದ ಬಾಯಿ: ಎಷ್ಟು ಜನಕ್ಕೆ ಬಂತು, ಯಾವ ಕಡೆ ಹೋಗಬಾರದು, ಕೈ ಹೇಗೆ ತೊಳೆಯಬೇಕು. ಕಾಯಿಲೆಯವರಿಗೆ ಹೆಸರಿಲ್ಲ, ನಂಬರು. ಅರಚಾಟವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಶಾಲೆಯ ಮೇಷ್ಟ್ರು ಹಾಜರಿ ಕೂಗಿದ ಹಾಗೆ.

ಬೀದಿಯ ಕೊನೆಯಲ್ಲಿ ಒಬ್ಬ ಲಾರಿ ಡ್ರೈವರಿಗೆ ಜ್ವರ ಬಂತು. ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಸ್ಕೂಟರಿನಲ್ಲಿ ಬಂದು ಗೇಟಿನಾಚೆ ನಿಂತೇ ಮಾತಾಡಿದಳು. ಮುಚ್ಚಿದ ವ್ಯಾನು ಬಂತು, ಸದ್ದಿಲ್ಲದೆ ಕರೆದುಕೊಂಡು ಹೋಯಿತು. ಮಾರನೇ ದಿನದಿಂದ ಅವನ ಗೇಟಿಗೆ ಅಕ್ಕಪಕ್ಕದವರು ಸೊಪ್ಪು, ಮೊಟ್ಟೆ ನೇತುಹಾಕಿ ಹೋಗುತ್ತಿದ್ದರು. ನೋಡಿ ನನಗೆ ನಮ್ಮ ಸುಣ್ಣದ ಗೆರೆ ನೆನಪಾಯಿತು. ಇದೇ ಸರಿ, ಎಲ್ಲಾ ಕಡೆ ಹೀಗೇ ನಡೆಯುತ್ತದೆ ಎಂದು ನನ್ನ ಪೆದ್ದು ಬುದ್ಧಿ ತೀರ್ಮಾನ ಮಾಡಿಬಿಟ್ಟಿತು. ಮುಂದೆ ನಾನು ಮಾಡಿದ ತಪ್ಪಿನ ಬೇರು ಇಲ್ಲೇ ಇದೆ.

ಹಾಗಂತ ಅದೇನು ಸ್ವರ್ಗವಲ್ಲ. ಕಂಬದವನು ಹೇಳುವ ಲೆಕ್ಕ ನಿಜವೇ ಎಂದು ಲಾನಮ್ಮನನ್ನು ಕೇಳಿದೆ. ಫೋನು ಅದನ್ನು ಅನುವಾದ ಮಾಡಿತು. ಅವಳು ಕಂಬದ ಕಡೆ ಒಮ್ಮೆ ನೋಡಿ ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಆ ಕಂಬಕ್ಕೆ ಬಾಯಿದೆ, ಎದುರು ಪ್ರಶ್ನೆ ಕೇಳಿಸಿಕೊಳ್ಳುವ ಕಿವಿ ಇಲ್ಲ. ನಮ್ಮನ್ನೂ ಜನ ಅನುಮಾನದಿಂದ ನೋಡತೊಡಗಿದರು. ಒಂದು ದಿನ ನಂಜುಂಡ ಕಟಿಂಗಿಗೆ ಹೋದ. ಕ್ಷೌರದವನು ಇವನ ಬಣ್ಣ ನೋಡಿ ಬಾಗಿಲೆಳೆದುಕೊಂಡ. ಅವತ್ತಿನಿಂದ ನಂಜುಂಡ ಸಾಧುವಿನ ಹಾಗೆ ಗಡ್ಡ ಬಿಟ್ಟ.

ಊರಿನಿಂದ ದಿನಕ್ಕೊಂದು ಸುದ್ದಿ. ತಟ್ಟೆ ಬಡಿಯಿರಿ ಎಂದು ಮೇಲಿನಿಂದ ಹೇಳಿದ ದಿನ ಇಡೀ ಊರು ಬಡಿಯಿತಂತೆ. ಜಯಮ್ಮ ಮಾತ್ರ, ಹುಳ ಕೊನೆಯ ಜ್ವರಕ್ಕೆ ಕೂತಿವೆ, ಸದ್ದು ಮಾಡಬಾರದು ಎಂದು ಬಾಗಿಲು ಹಾಕಿಕೊಂಡು ಒಳಗಿದ್ದಳಂತೆ. ಹುಳ ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಪಕ್ಕದ ಮನೆಯವರು ಅವಳನ್ನು ದೇಶದ್ರೋಹಿ ಎಂದು ತಮಾಷೆ ಮಾಡಿದರಂತೆ. ಆಮೇಲೆ ರಾಮನಗರದ ಗೂಡಿನ ಮಾರುಕಟ್ಟೆಗೂ ಕೆಲವು ದಿನ ಬೀಗ ಬಿತ್ತು. ಮನೆಯಲ್ಲೇ ಇರಿ ಎಂದು ಜನಕ್ಕೆ ಹೇಳಬಹುದು, ಗೂಡಿನೊಳಗಿನ ಚಿಟ್ಟೆಗೆ ಹೇಳುವವರು ಯಾರು? ಅದು ತನ್ನ ದಿನಕ್ಕೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ, ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಆ ಅಪ್ಪಣೆ ಬರೆದವರು ಒಬ್ಬ ರೈತನನ್ನಾದರೂ ಕೇಳಿದ್ದರೆ ಹೇಳುತ್ತಿದ್ದ. ನಮ್ಮನ್ನು ಕೇಳುವುದು ಯಾವ ಸರ್ಕಾರಕ್ಕೂ ಅಭ್ಯಾಸವಿಲ್ಲ.

ನಾನು ಹೇಳಿದ ಮಾತು

ಮಾರುಕಟ್ಟೆ ತೆರೆದ ಮೇಲೆ ಪುಟ್ಟರಾಜು ರಾಮನಗರಕ್ಕೆ ಹೋಗಿ ಗೂಡು ಮಾರಿ ಬಂದ. ನಾಲ್ಕನೇ ದಿನಕ್ಕೆ ಜ್ವರ. ಜಯಮ್ಮ ನನಗೆ ಗುಟ್ಟಾಗಿ ಫೋನು ಮಾಡಿದಳು. ನಾನು ತಮ್ಮನಿಗೆ ಮಾಡಿದೆ.

‘ಬರೀ ಜ್ವರ ಕಣಣ್ಣ. ಮೂರು ದಿನ ಮಲಗಿದ್ರೆ ಓಯ್ತದೆ. ಯಾರ್ಗೂ ಹೇಳದು ಬ್ಯಾಡ’ ಎಂದ.

‘ಹುಳದ ಮನೇಲಿ ರೋಗ ಬಿದ್ರೆ ಮುಚ್ಚಿಡ್ತೀಯೇನ್ಲಾ?’

‘ಹುಳ ಟಿವಿ ನೋಡಕಿಲ್ಲ ಕಣಣ್ಣ.’

ನನ್ನ ತಮ್ಮ ಪಿಯುಸಿ ಓದಿದವನು. ಅವನಿಗೆ ಲೋಕ ನನಗಿಂತ ಗೊತ್ತಿತ್ತು. ನಾನು ಒಪ್ಪಲಿಲ್ಲ. ಮೂವತ್ತೈದು ವರ್ಷ ರೋಗ ನೋಡಿದವನು ನಾನು, ಹಿರಿಯನಾಗಿ ಹೇಳುತ್ತಿದ್ದೇನೆ, ಹೊಸ್ತಿಲಿಗೆ ಗೆರೆ ಎಳೆ, ಹದಿನೈದು ಮನೆಗೂ ತಿಳಿಸು, ಸರ್ಕಾರದ ನಂಬರಿಗೆ ಫೋನು ಮಾಡು ಎಂದು ಗದರಿದೆ. ಅವನ ಹೆಂಡತಿ ಮಂಜುಳ ಫೋನು ಕಸಿದುಕೊಂಡು, ‘ಭಾವ, ಒಸಿ ತಡೀರಿ, ನಾಳೆವರೆಗಾರ ನೋಡಣ’ ಎಂದಳು. ನಾಳೆ ಎನ್ನುವುದರೊಳಗೆ ತಟ್ಟೆ ಪೂರ್ತಿ ಹೋಗಿರುತ್ತದೆ ಎಂದೆ. ಲಾರಿ ಡ್ರೈವರನ ಕಥೆ ಹೇಳಿದೆ. ನೋಡು, ಜನ ಮೊಟ್ಟೆ ತಂದುಕೊಡುತ್ತಾರೆ ಎಂದೆ.

ಸಂಜೆ ಅವಳೇ ಸುಣ್ಣದ ಗೆರೆ ಎಳೆದಳಂತೆ.

ಫೋನಿನೊಳಗೆ ನಮ್ಮ ಮನೆ

ಎರಡು ದಿನ ಬಿಟ್ಟು ನಾನು ಲಾನಮ್ಮನ ಜಗಲಿಯಲ್ಲಿ ಟೀ ಕುಡಿಯುತ್ತಾ ಫೋನಿನಲ್ಲಿ ನಮ್ಮ ಟಿವಿ ನೋಡುತ್ತಿದ್ದೆ. ತಮ್ಮನ ಮನೆ ಕಾಣಿಸಿತು. ಬಿಳಿ ಗೆರೆಯ ಸುತ್ತ ಕೆಂಪು ವೃತ್ತ. ಢಮ್ ಢಮ್ ಸಂಗೀತ. ಯಾರೋ ಗೆರೆಯ ಫೋಟೋ ತೆಗೆದು ಹಂಚಿದ್ದರು, ಅದು ಅಲ್ಲಿಗೆ ತಲುಪಿತ್ತು. ಊರಿನ ಹೆಸರು, ತಮ್ಮನ ಹೆಸರು, ಮದುವೆಯ ಫೋಟೋದಿಂದ ಕತ್ತರಿಸಿದ ಅವನ ಮುಖ. ಸರ್ಕಾರದ ನಂಬರಿಗೆ ಹೇಳಿ ಮಾಡಿಸಿದ ಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ. ಟಿವಿಯವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಆಮೇಲೆ ಹೇಳಿದಳು: ವಿದೇಶದಿಂದ ಬಂದ ಅಣ್ಣನಿಂದ ತಮ್ಮನಿಗೆ ಸೋಂಕು, ಅಣ್ಣ ತಲೆಮರೆಸಿಕೊಂಡಿದ್ದಾನೆ.

ಟೀ ಲೋಟ ಕೈಯಲ್ಲೇ ಇತ್ತು. ನಂಜುಂಡ ಗಡ್ಡ ಕೆರೆದುಕೊಂಡು, ‘ಲೇ ಬೋರ, ನೀನು ಊರಲ್ಲೇ ಅವಿತ್ಕೊಂಡಿದ್ದೀಯಂತಲ್ಲೋ. ನಂಗೂ ಒಂದು ಜಾಗ ತೋರ್ಸು, ಬತ್ತೀನಿ’ ಎಂದ. ನಗಲಿ ಎಂದು ಹೇಳಿದ್ದು. ನಾನು ಲೋಟ ಕೆಳಗಿಟ್ಟು ಜಯಮ್ಮನ ನಂಬರು ಒತ್ತಿದೆ.

ಪೊಲೀಸರು ಜಯಮ್ಮನ ಹತ್ತಿರ ಹೋಗಿ ಗಂಡ ಎಲ್ಲಿ ಎಂದು ಕೇಳಿದರು. ಅವಳು ವಿಡಿಯೋ ಕಾಲ್ ಮಾಡಿ ಫೋನು ಕೊಟ್ಟಳು. ನಾನು ಕಂಬ ತೋರಿಸಿದೆ, ಲಾನಮ್ಮನನ್ನು ತೋರಿಸಿದೆ, ಹಿಂದಿನ ಬೆಟ್ಟ ತೋರಿಸಿದೆ. ಆ ಸಾಹೇಬ ಕಣ್ಣು ಕಿರಿದು ಮಾಡಿ, ‘ಅದು ನಮ್ ಕಬ್ಬಾಳು ಬೆಟ್ಟ ಇದ್ದಂಗೈತಲ್ಲ’ ಎಂದ. ಲಾನಮ್ಮ ಅವಳ ಭಾಷೆಯಲ್ಲಿ ನಾಲ್ಕು ಮಾತು ಬೈದ ಮೇಲೆ ನಂಬಿದ.

ಟಿವಿಯಲ್ಲಿ ಬಂದ ನಂಬರಿಗೆ ನಾನೇ ಫೋನು ಮಾಡಿದೆ. ಹನ್ನೊಂದನೇ ಸಲಕ್ಕೆ ಒಬ್ಬ ಎತ್ತಿದ. ನಾನೇ ಆ ಅಣ್ಣ, ಊರಿಗೆ ಬಂದೇ ಇಲ್ಲ, ತಮ್ಮನ ವರದಿ ಬಂದಿಲ್ಲ, ದಯವಿಟ್ಟು ಸರಿಮಾಡಿ ಎಂದೆ. ಅವನು ಖುಷಿಯಾಗಿ, ‘ಸರ್, ಅಲ್ಲಿ ಪರಿಸ್ಥಿತಿ ಭಯಾನಕವಾಗಿದೆಯಾ? ಆಸ್ಪತ್ರೆ ಕಡೆ ಹೋಗಿ ಒಂದು ವಿಡಿಯೋ ಕಳಿಸ್ತೀರಾ?’ ಎಂದ. ಇಲ್ಲಿ ಹಿಪ್ಪುನೇರಳೆ ತೋಟ ಇದೆ, ಜನ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದಾರೆ ಎಂದೆ. ಆಮೇಲೆ ಮಾಡುತ್ತೇನೆ ಎಂದು ಇಟ್ಟ.

ಊರಲ್ಲಿ ನಡೆದದ್ದನ್ನು ಜಯಮ್ಮ ಕಂತು ಕಂತಾಗಿ ಹೇಳಿದಳು. ಸೈರನ್ ಹಾಕಿಕೊಂಡು ಆಂಬುಲೆನ್ಸ್ ಬಂತು, ಕ್ಯಾಮೆರಾ ಹಿಂದೆಯೇ ಬಂತು. ತಮ್ಮ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹತ್ತಿದ, ಕಳ್ಳನ ಹಾಗೆ. ಬಾಗಿಲಿಗೆ ಹೆಸರು ಬರೆದ ನೋಟೀಸು ಅಂಟಿಸಿದರು. ಡೇರಿಯಲ್ಲಿ ಮಂಜುಳನ ಕ್ಯಾನು ಬೇಡ ಎಂದರು. ಮೈತುಂಬ ಪ್ಲಾಸ್ಟಿಕ್ ತೊಟ್ಟವರು ಡ್ರಮ್ಮು ತಂದು ಮನೆಗೆಲ್ಲ ಔಷಧಿ ಹೊಡೆದರು. ಪಕ್ಕದ ಹುಳದ ಮನೆಗೆ ಹೊಡೆಯಬೇಡಿ, ಹುಳ ಇವೆ ಎಂದು ಮಂಜುಳ ಗೆರೆಯೊಳಗೆ ನಿಂತು ಕೈಮುಗಿದಳು. ಆರ್ಡರ್ ಇದೆ ಎಂದರು. ಇನ್ನು ಎರಡು ದಿನಕ್ಕೆ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕಿದ್ದ ಹುಳಗಳು ಸಂಜೆಯೊಳಗೆ ಕಪ್ಪಾದವು. ರೋಗವಿಲ್ಲದ ಹುಳಗಳನ್ನು ರೋಗದ ಔಷಧಿ ಕೊಂದಿತು.

ಆರು ದಿನಕ್ಕೆ ವರದಿ ಬಂತು. ತಮ್ಮನಿಗೆ ಆ ರೋಗ ಇರಲೇ ಇಲ್ಲ. ಟೈಫಾಯ್ಡ್. ಆ ಆರು ದಿನ ಯಾರೂ ಅದನ್ನು ಹುಡುಕಿರಲಿಲ್ಲ. ಮೂಳೆಚಕ್ಕಳವಾಗಿ ವಾಪಸ್ಸು ಬಂದ. ಅವನು ಬಂದದ್ದನ್ನು ಯಾವ ಟಿವಿಯೂ ತೋರಿಸಲಿಲ್ಲ. ನೋಟೀಸು ಕೀಳಲು ಯಾರೂ ಬರಲಿಲ್ಲ. ಮಳೆಗೆ ತಾನೇ ನೆನೆದು ಉದುರಿತು.

ಲಾನಮ್ಮನಿಗೆ ಇದನ್ನೆಲ್ಲ ಫೋನಿಗೆ ಹೇಳಿ ತೋರಿಸಿದೆ. ಓದಿ, ಗಂಡನ ಫೋಟೋ ಇಟ್ಟಿದ್ದ ಗೋಡೆಗೂಡಿನ ಮುಂದೆ ಹೋಗಿ ಊದುಬತ್ತಿ ಹಚ್ಚಿದಳು. ನಮ್ಮ ತಮ್ಮನಿಗೋಸ್ಕರವೇ ಎಂದು ಸನ್ನೆಯಲ್ಲಿ ಕೇಳಿದೆ. ನಿನಗೆ ಎಂದು ನನ್ನ ಎದೆಗೆ ಬೆರಳು ತೋರಿಸಿದಳು.

ಬೆಂಗಳೂರು, ಒಂದು ಕೋಣೆ

ಜೂನಿನಲ್ಲಿ ಸರ್ಕಾರದ ವಿಮಾನ ಸಿಕ್ಕಿತು. ಬೆಂಗಳೂರಿನಲ್ಲಿ ಇಳಿಸಿ ಕ್ವಾರಂಟೈನ್ ಎಂದು ಹೋಟೆಲ್ಲೊಂದರಲ್ಲಿ ಒಂದು ವಾರ ಕೂಡಿಹಾಕಿದರು. ಕಿಟಕಿ ತೆರೆಯುತ್ತಿರಲಿಲ್ಲ. ಬಾವೊ ಲೊಕ್‌ನಲ್ಲಾದರೆ ಲಾನಮ್ಮನ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ; ಕೆಲಸವಿಲ್ಲದೆ ಇಷ್ಟು ದಿನ ಕೂತದ್ದು ಜೀವನದಲ್ಲೇ ಅದು ಮೊದಲು. ಇಡೀ ದಿನ ಟಿವಿ ನೋಡಿದೆ. ಒಂದು ಊರಿನ ಬಾಗಿಲು, ಕೆಂಪು ವೃತ್ತ, ಅದೇ ಸಂಗೀತ; ಮಾರನೇ ದಿನ ಇನ್ನೊಂದು ಊರಿನ ಬಾಗಿಲು.

ಅಲ್ಲಿ ಕೂತು ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ಓದಿದವರು ತಿದ್ದಲಿ. ಒಂದು ಕಡೆ ಕಂಬವೊಂದು ಮೆಲ್ಲಗೆ ಮಾತಾಡುತ್ತದೆ, ಅದಕ್ಕೆ ಎದುರು ಮಾತಾಡುವ ಹಾಗಿಲ್ಲ. ನಮ್ಮ ಕಡೆ ನೂರು ಬಾಯಿ ಒಟ್ಟಿಗೆ ಅರಚುತ್ತವೆ, ಎದುರು ಮಾತಾಡಿದರೂ ಕೇಳಿಸುವುದಿಲ್ಲ. ಸರ್ಕಾರಕ್ಕೆ ಬೇಕಾದದ್ದು ಲೆಕ್ಕ, ಟಿವಿಗೆ ಬೇಕಾದದ್ದು ಮುಖ. ಜ್ವರ ಬಂದ ಮನುಷ್ಯ ಇಬ್ಬರಿಗೂ ಬೇಡ. ರೋಗ ಹತೋಟಿಗೆ ಬರುವುದು ಒಬ್ಬ ಬಡಪಾಯಿ ಹೆದರದೆ ‘ನಂಗೆ ಹುಷಾರಿಲ್ಲ’ ಎಂದು ಹೇಳಿದಾಗ. ಹುಳದ ಮನೆಯಲ್ಲಿ ನಾನು ಕಲಿತ ಪಾಠ ಅದೊಂದೇ. ಆ ಒಂದು ಮಾತನ್ನು ಆಡಿದವನನ್ನು ಬೀದಿಗೆ ನಿಲ್ಲಿಸಿ, ಆಮೇಲೆ ಜನ ಮುಚ್ಚಿಡುತ್ತಾರೆ ಎಂದು ಅದೇ ಟಿವಿಯಲ್ಲಿ ಬೈಯುತ್ತಿದ್ದರು.

ಮತ್ತೆ ಊರು

ನಾನು ಬಂದ ದಿನ ತಮ್ಮ ನೋಡಲು ಬರಲಿಲ್ಲ. ನಾನೇ ಮೂರು ಹೊಲ ದಾಟಿ ಹೋದೆ. ಹೊಸ್ತಿಲಲ್ಲಿ ಸುಣ್ಣದ ಕಲೆ ಇನ್ನೂ ಇತ್ತು. ಅವನು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ‘ನಿನ್ ಮಾತು ಕೇಳ್ದೆ ಕಣಣ್ಣ’ ಎಂದ, ಅಷ್ಟೇ. ಮಂಜುಳ ಕಾಫಿ ತಂದುಕೊಟ್ಟಳು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ರೋಗ ಎರಡನೇ ಸಲ ಬಂತು, ಈ ಸಲ ನಿಜವಾಗಿ. ಮಳೆಗಾಲದ ಹೊತ್ತಿಗೆ ಲಾನಮ್ಮನೂ ಮೆಸೇಜು ಕಳಿಸಿದಳು, ಅವಳ ಕಡೆಯೂ ಕೈಮೀರಿದೆ, ಕಂಬ ಎಷ್ಟು ಕೂಗಿದರೂ ನಿಲ್ಲುತ್ತಿಲ್ಲ ಎಂದು. ನಮ್ಮಲ್ಲಿ ಅದು ಬೇಸಿಗೆಗೇ ಬಂದಿತ್ತು, ಆಗ ಒಂದು ವಾರ ಮಂಜುಳ ಕಣ್ಣಿಗೆ ಬೀಳಲಿಲ್ಲ. ಜಯಮ್ಮ ಬೇಲಿಯಾಚೆಯಿಂದ ಕೇಳಿದರೆ, ‘ಬೆನ್ನು ಹಿಡ್ಕೊಂಡೈತೆ ಕಣಕ್ಕ’ ಎಂದು ಒಳಗಿನಿಂದಲೇ ದನಿ ಬಂತಂತೆ. ಗೆರೆ ಇರಲಿಲ್ಲ. ಗೆರೆ ಇಲ್ಲದ್ದರಿಂದ ನಾವೂ ಚಿಂತೆ ಮಾಡಲಿಲ್ಲ.

ಏಳನೇ ದಿನ ಬೆಳಗ್ಗೆ ತಮ್ಮ ನಮ್ಮ ಬಾಗಿಲಿಗೆ ಬಂದು ಕಾರು ಬೇಕು ಎಂದ. ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಚನ್ನಪಟ್ಟಣದಲ್ಲಿ ಜಾಗವಿಲ್ಲ, ರಾಮನಗರದಲ್ಲಿ ಗಾಳಿಯ ಸಿಲಿಂಡರ್ ಇಲ್ಲ, ಬೆಂಗಳೂರಿಗೆ ಹೋಗಿ ಎಂದರು. ಬಿಡದಿ ಮುಟ್ಟುವ ಮುಂಚೆ ಹಿಂದಿನ ಸೀಟಿನಲ್ಲಿ ಅವಳ ಉಸಿರಿನ ಸದ್ದು ನಿಂತಿತು. ನಾನು ಓಡಿಸುತ್ತಿದ್ದೆ. ಯಾಕೋ ಮುಂಚೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ತಮ್ಮ ಕಿಟಕಿಯಾಚೆ ನೋಡುತ್ತಾ ಹೇಳಿದ: ‘ಅವ್ಳೇ ಬ್ಯಾಡ ಅಂದ್ಲು. ಭಾವಂಗೆ ಹೇಳ್ಬ್ಯಾಡಿ, ಗೆರೆ ಎಳಿ ಅಂತಾರೆ ಅಂದ್ಲು.’

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪೂರ್ತಿ ಹೇಳದಿದ್ದರೆ ಟಿವಿಯವರಿಗೂ ನನಗೂ ಏನು ವ್ಯತ್ಯಾಸ.

ಹೋದ ಮಳೆಗಾಲದಲ್ಲಿ ನನ್ನ ಹುಳದ ಮನೆಯಲ್ಲೇ ಹಾಲುತೊಂಡೆ ಕಾಣಿಸಿತು. ಮೊದಲು ನಾಲ್ಕು ಹುಳ, ಮಧ್ಯಾಹ್ನಕ್ಕೆ ಒಂದು ತಟ್ಟೆ. ಅಟ್ಟದಿಂದ ಸುಣ್ಣದ ಡಬ್ಬ ಇಳಿಸಿದೆ. ಮುಷ್ಟಿ ತುಂಬಿಕೊಂಡು ಹೊಸ್ತಿಲಿಗೆ ಬಂದು ಬಗ್ಗಿದೆ. ರಸ್ತೆಯಲ್ಲಿ ಯಾರೋ ಫೋನು ಹಿಡಿದುಕೊಂಡು ಹೋಗುತ್ತಿದ್ದರು, ಅವರ ಪಾಡಿಗೆ ಅವರು. ಅವರು ದಾಟಿ ಹೋಗುವವರೆಗೆ ಹಾಗೇ ಬಗ್ಗಿದ್ದೆ. ಆಮೇಲೆ ಎದ್ದು ಸುಣ್ಣವನ್ನು ಡಬ್ಬಕ್ಕೇ ಸುರಿದು, ಮುಚ್ಚಳ ಹಾಕಿ, ಕೆಟ್ಟ ಹುಳವನ್ನು ಹಿತ್ತಲಲ್ಲಿ ಹೂತೆ. ಹದಿನೈದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆ ತಿಂಗಳು ನಮ್ಮ ಊರಲ್ಲಿ ಒಂಬತ್ತು ಮನೆಯ ಹುಳ ಹೋದವು. ಯಾವ ಹೊಸ್ತಿಲಲ್ಲೂ ಗೆರೆ ಇರಲಿಲ್ಲ.